ಯಾರೂ ಇಲ್ಲದವರ ಪಾಲಿನ ನೀರು

ಆಟೊ ಯಮುನೆಯ ಸೇತುವೆ ಏರುತ್ತಿದ್ದಂತೆ ನಾನು ಕೈಮುಗಿದೆ. ಆಟೊ ಓಡಿಸುತ್ತಿದ್ದ ಭಯ್ಯಾ ಮೂಗಿಗೆ ಟವೆಲು ಒತ್ತಿಕೊಂಡ. ಸೇತುವೆಯ ಎರಡೂ ಬದಿಗೆ ಆಳೆತ್ತರದ ತಂತಿಬಲೆ, ಜನ ಪೂಜೆಯ ಹೂವು ಎಸೆಯದಿರಲೆಂದು. ಕೆಳಗೆ ಬಿಳಿ ನೊರೆ. ಶ್ರೀರಂಗಪಟ್ಟಣದಲ್ಲಿ ಕಾವೇರಿಯಲ್ಲಿ ಮಿಂದು ಬೆಳೆದ ನನಗೆ ಹೊಳೆಗೂ ಬೇಲಿ ಹಾಕುತ್ತಾರೆಂಬುದು ಗೊತ್ತಿರಲಿಲ್ಲ.

ಮನೆ ಸಿಕ್ಕಿದ್ದು ನದಿಯಾಚೆ, ಘಾಜಿಯಾಬಾದಿನಲ್ಲಿ. ಅಲ್ಲಿನ ಗಡಸು ನೀರಿಗೆ ತೊಗರಿಬೇಳೆ ಬೇಯುತ್ತಲೇ ಇರಲಿಲ್ಲ. ನನ್ನ ಹಿಂದಿ ಕೇಳಿ ನಗುತ್ತಿದ್ದ ತರಕಾರಿಯವನು ಕೊನೆಗೊಂದು ದಿನ ನಾನು ಕೇಳುವ ಮೊದಲೇ ಕರಿಬೇವು ತಂದಿಟ್ಟ. ಅಂದು ಊರನ್ನೇ ಗೆದ್ದಷ್ಟು ಖುಷಿಪಟ್ಟೆ. ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದ ನನ್ನ ಗಂಡ ರಘುವಿಗೆ ಇಂಥ ಕಷ್ಟವೇ ಇರಲಿಲ್ಲ. ಅವರಿಗಿದ್ದದ್ದು ಯಮುನೆಯ ಹುಚ್ಚು.

ರಜೆ ಬಂತೆಂದರೆ ನನ್ನನ್ನು ಕೆಂಪುಕೋಟೆಯ ಹಿಂಭಾಗಕ್ಕೆ ಎಳೆದೊಯ್ಯುತ್ತಿದ್ದರು. ಈಗ ಅಲ್ಲಿ ರಿಂಗ್ ರೋಡು, ಲಾರಿಗಳು. ಹಿಂದೆ ನದಿ ಕೋಟೆಯ ಗೋಡೆಗೆ ತಾಗಿಕೊಂಡೇ ಹರಿಯುತ್ತಿತ್ತಂತೆ. ಬ್ರಿಟಿಷರು ತಂಪು ಗಾಳಿಗೆಂದು ಕೋಟೆಯ ಉತ್ತರಕ್ಕೆ ದಂಡೆಯ ಮೇಲೆ ಬಂಗಲೆ ಕಟ್ಟಿಕೊಂಡರು. 1857ರ ಬೇಸಿಗೆಯಲ್ಲಿ ದಂಗೆಯೆದ್ದ ಸಿಪಾಯಿಗಳು ದೋಣಿಗಳ ಸೇತುವೆ ದಾಟಿ ಬಂದರು. ನಮ್ಮೂರಿಗೆ ಬ್ರಿಟಿಷರು ನುಗ್ಗಿದ್ದೂ ಬೇಸಿಗೆಯಲ್ಲೇ, ಇಳಿದ ಕಾವೇರಿಯನ್ನು ಹಾಯ್ದು.

"ಸಿಪಾಯಿಗಳದ್ದು, ಬ್ರಿಟಿಷರದ್ದು, ಎರಡೂ ದಂಡಿನಲ್ಲಿ ಹೆಚ್ಚಿನವರು ಈ ದೇಶದವರೇ ಕಣೇ," ಎನ್ನುತ್ತಿದ್ದರು ರಘು. "ಅಣ್ಣತಮ್ಮಂದಿರ ಹಾಗೆ ಹೊಡೆದಾಡಿ ಸತ್ತರು. ಅವರಿಗೆಲ್ಲ ನೀರು ಬಿಡೋರು ಯಾರು?"

ತರ್ಪಣದ ಕೊನೆಯಲ್ಲಿ, ಹಿಂದೆಮುಂದೆ ಯಾರೂ ಇಲ್ಲದೆ ಸತ್ತವರಿಗೂ ಎಳ್ಳುನೀರು ಬಿಡುವ ಪದ್ಧತಿಯಿದೆ. ಪ್ರತಿ ಮಹಾಲಯ ಅಮಾವಾಸ್ಯೆಗೆ ರಘು ಯಮುನೆಗಿಳಿದು, ಅಪ್ಪ ಅಜ್ಜಂದಿರ ಪಾಲು ಮುಗಿಸಿ, ಆ ದಂಗೆಯಲ್ಲಿ ಸತ್ತವರಿಗೆಂದು ಬೊಗಸೆ ತುಂಬಿಕೊಳ್ಳುತ್ತಿದ್ದರು. ಅದರಲ್ಲಿ ಬಿಳಿಯರಿಗೂ ಪಾಲಿತ್ತು. ನಾನು ಮೂಗು ಮುಚ್ಚಿಕೊಂಡು ಮೆಟ್ಟಿಲ ಮೇಲೆ ನಿಂತು, ಬೇಗ ಮುಗಿಸಿ ಎಂದು ಗೊಣಗುತ್ತಿದ್ದೆ.

ಕಳೆದ ಚಳಿಗಾಲದಲ್ಲಿ ರಘು ಹೃದಯಾಘಾತದಿಂದ ಹೋಗಿಬಿಟ್ಟರು. ನಮಗೆ ಮಕ್ಕಳಿಲ್ಲ. ಮೈದುನ ಬಂದು ಬೂದಿಯನ್ನು ಕಾವೇರಿಗೆ ಒಯ್ದ. ಮಹಾಲಯ ಅಮಾವಾಸ್ಯೆ ಹತ್ತಿರವಾದಾಗ, ಯಮುನೆಯಲ್ಲಿ ನಾನೇ ತರ್ಪಣ ಕೊಡುತ್ತೇನೆಂದು ಅವನಿಗೆ ಫೋನಿನಲ್ಲಿ ತಿಳಿಸಿದೆ.

"ಅತ್ತಿಗೆ, ಆ ಕೊಳಚೇಲಿ ಯಾಕೆ? ಇಲ್ಲಿ ನಾನು ಮಾಡ್ತೀನಲ್ಲ. ಅಣ್ಣ ಇಲ್ಲಿಯವನು."

"ಇಲ್ಲಿ ನಿಮ್ಮಣ್ಣನ ಕೈನೀರಿಗೆ ಕಾಯೋರು ಇದ್ದಾರಪ್ಪ," ಎಂದೆ. ಅವನಿಗೆ ಅರ್ಥವಾಗಲಿಲ್ಲ.

ಸ್ನಾನಘಟ್ಟದ ಪಂಡಿತರು ಹೆಂಗಸೆಂದು ತಕರಾರು ಮಾಡಲಿಲ್ಲ. ಸಂಕಲ್ಪ ಮಾಡಿ ಎಂದರು. ಸಂಕಲ್ಪವೆಂದರೆ ನಾವು ಯಾರು, ಯಾವ ನದಿಯ ದಡದಲ್ಲಿದ್ದೇವೆ ಎಂದು ಮೊದಲು ಹೇಳಿಕೊಳ್ಳುವುದು. ಅಪ್ಪ ಹೇಳುತ್ತಿದ್ದದ್ದು ಬಾಯಿಪಾಠವಿತ್ತು. ನಮ್ಮ ಕಡೆಯವರೆಲ್ಲ ಹೇಳುವಂತೆ, ಗೋದಾವರಿಯ ದಕ್ಷಿಣ ತೀರದಲ್ಲಿದ್ದೇನೆ ಎಂದುಬಿಟ್ಟೆ.

"ಬೆಹನ್‌ಜಿ," ಪಂಡಿತರು ಮೆಲ್ಲಗೆ ತಡೆದರು, "ಗೋದಾವರಿ ಯಹಾಂ ಕಹಾಂ? ಯಮುನಾಜಿ ಬೋಲಿಯೇ."

ಗೋದಾವರಿ ಇಲ್ಲೆಲ್ಲಿ ಬಂತು, ನಿಜ. ಆದರೆ ನನಗೆ ದಿಗಿಲಾಯಿತು. ಹೇಳಿದ ಜಾಗ ನಂಬಿಕೊಂಡು ರಘು ಆಗಲೇ ಅಲ್ಲಿಗೆ ಹೊರಟಿದ್ದರೆ? ಯಮುನೆ ಎಂದು ತಿದ್ದಿದೆ. ಅವರಿಗೂ, ಅವರು ನೆನೆಯುತ್ತಿದ್ದವರಿಗೂ ನೀರು ಬಿಟ್ಟೆ. ಪಂಡಿತರು ಆಯಿತು, ಮೇಲೆ ಬನ್ನಿ ಎಂದರು. ನಾನು ನೊರೆಯ ನಡುವೆ ಇನ್ನೂ ಸ್ವಲ್ಪ ಹೊತ್ತು ನಿಂತೇ ಇದ್ದೆ. ಗೋದಾವರಿಯಷ್ಟು ದೂರದಿಂದ ಬರಬೇಕಲ್ಲ ಅವರು.