ಗುರಿ ಕಲಿಸುತ್ತಿದ್ದ ನೆರೆಯವರು

ಕೊಲ್ಲಿ ನಾಡಿನ ಖಾಲಿದಿಯಾ ಬಡಾವಣೆಯಲ್ಲಿ ನಮ್ಮ ಎದುರಿನ ಫ್ಲ್ಯಾಟಿನಲ್ಲಿದ್ದ ಕೊಡಗಿನವರು ಶೂಟಿಂಗ್ ಕ್ಲಬ್ಬಿನಲ್ಲಿ ಗುರಿ ಕಲಿಸುತ್ತಿದ್ದರು. ತಮಾಷೆಗೂ ಯಾರತ್ತಲೂ ಬೆರಳು ತೋರಿಸಿದವರಲ್ಲ. ಏನು ಕೇಳಿದರೂ, "ಅವಸರ ಬೇಡ" ಎನ್ನುತ್ತಿದ್ದರು.

ಒಂದು ಶನಿವಾರ ನಾನು ಪತ್ರೊಡೆ ಕೊಡಲು ಹೋದಾಗ ಅವರ ಗೆಳೆಯರು ವಿಡಿಯೊ ನೋಡುತ್ತಿದ್ದರು. ರೈಫಲ್ಲಿನ ಹಿಂಬದಿಗೆ ಜೋಡಿಸಿದರೆ ಗುಂಡುಗಳು ಪಟಪಟನೆ ಹಾರುವ ಒಂದು ಸಾಧನ ಅದರಲ್ಲಿತ್ತು.

"ನನ್ನ ತಮ್ಮ ಇವತ್ತು ಅಮೆರಿಕದಿಂದ ಹೊರಡ್ತಾನೆ. ಬ್ಯಾಗಲ್ಲಿ ಅದನ್ನೂ ತರ್ತಾನೆ. ಶೋಕೇಸಿಗೆ ಮಾತ್ರ ಅಣ್ಣಾ!" ಎಂದು ಒಬ್ಬ ನಕ್ಕ.

ನಮ್ಮ ನೆರೆಯವರು ನಗಲಿಲ್ಲ. "ಇಲ್ಲಿ ಇಳಿದ ಕೂಡಲೇ ಹಿಡೀತಾರೆ. ಜೈಲು! ಅವನ ಬದುಕೇ ಖಲಾಸ್. ಈಗಲೇ ಫೋನ್ ಹಾಕು."

ತಮ್ಮ ಆಗಲೇ ಏರ್‌ಪೋರ್ಟಿನ ದಾರಿಯಲ್ಲಿದ್ದ. ಇವರೇ ಫೋನು ಇಸಿದುಕೊಂಡು, "ಮಗಾ, ಕಾರು ನಿಲ್ಲಿಸು, ಪೆಟ್ಟಿಗೆ ತೆಗಿ" ಎಂದರು. ಬಿಡಲು ಬಂದ ಸ್ನೇಹಿತನ ಕೈಗೆ ಅದನ್ನು ಕೊಟ್ಟೆ ಎಂದು ಅವನು ಹೇಳುವವರೆಗೂ ನಿಂತೇ ಇದ್ದರು.

ಆಮೇಲೆ ಚಹಾ ಕಪ್ಪು ಎತ್ತಿಕೊಂಡರು. ಅವರು ಅವಸರಪಟ್ಟಿದ್ದನ್ನು ನಾನು ನೋಡಿದ್ದು ಅಂದು ಮಾತ್ರ.