ಪರಲೋಕದಲ್ಲಿ ಕಕ್ಕಸು ತೊಳೆಯೋರು ಯಾರು?

ನನ್ನ ದೊಡ್ಡಮ್ಮ ಮೂವತ್ತೊಂದು ವರ್ಷ ಒಂದೇ ಮನೆಯ ಕಕ್ಕಸು ತೊಳೆದಳು. ಮೂರು ಮಹಡಿ, ನಾಲ್ಕು ಕಕ್ಕಸು. ಬಚ್ಚಲಿನ ಜಾಲರಿಯಿಂದ ಕೂದಲ ಉಂಡೆ ಎಳೆಯುವಾಗ ಅವಳ ಬೆರಳಿಗೆ ಸುತ್ತಿಕೊಂಡ ಲೋಳೆಯನ್ನು ಒಮ್ಮೆ ನೋಡಿ ನಾನು ಎರಡು ದಿನ ಸರಿಯಾಗಿ ಉಂಡಿರಲಿಲ್ಲ. ಅವಳಿಗೆ ನಗು. "ತಲೇಲಿದ್ದಾಗ ಅದಕ್ಕೆ ಘಮಘಮ ಎಣ್ಣೆ ಹಚ್ತಾರೆ ಕಣೆ. ಉದುರಿದ ಮೇಲೆ ಅದು ನಂದು" ಅಂದಳು.

ಆ ಮನೆಯ ಯಜಮಾನಿ ನಮ್ಮ ಚರ್ಚಿನಲ್ಲಿ ಮುಂದಿನ ಬೆಂಚಿನವಳು. ಪ್ರಾರ್ಥನೆಗೆ ನಿಂತರೆ ಕಣ್ಣೀರು ಧಾರಾಕಾರ. ದೊಡ್ಡಮ್ಮನ ಟೀ ಲೋಟವನ್ನು ಮಾತ್ರ ಸಿಂಕಿನ ಕೆಳಗೆ, ಕಕ್ಕಸಿನ ಬ್ರಷ್ಷಿನ ಪಕ್ಕದಲ್ಲಿ ಇಡಿಸಿದ್ದಳು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಆ ಹೆಂಗಸನ್ನು ಕಂಡರೆ ನನಗೆ ಅಸಹ್ಯ, ಮುಚ್ಚಿಡುವುದೇನು.

ದೊಡ್ಡಮ್ಮನಿಗೆ ಸ್ವಂತ ಸೂರಿರಲಿಲ್ಲ. ಗಂಡ ಸತ್ತ ಮೇಲೆ ನಮ್ಮ ಅಡುಗೆಮನೆಯ ಪಕ್ಕದ ಕೋಣೆಗೆ ಬಂದಳು. ಅಲ್ಲಿ ಮಂಚ ಹಾಕಿದರೆ ಬಾಗಿಲು ಪೂರ್ತಿ ತೆರೆಯದು. ಪರಲೋಕದಲ್ಲಿ ದೇವರು ನಂಬಿದವರಿಗೆಲ್ಲ ಮನೆ ಸಿದ್ಧಮಾಡಿಟ್ಟಿದ್ದಾನೆಂದು ಪಾದ್ರಿಗಳು ಮಾತೆತ್ತಿದರೆ ಸಾಕು, ಅವಳು ಮೈಯೆಲ್ಲ ಕಿವಿಯಾಗುತ್ತಿದ್ದಳು. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಅವರನ್ನು ತಡೆದು ಕೇಳಿಯೇಬಿಟ್ಟಳು.

"ಅಯ್ಯನೋರೆ, ಅಲ್ಲಿ ಅಷ್ಟೊಂದು ಮನೆ ಇರತ್ತಲ್ಲ, ಕಕ್ಕಸು ತೊಳೆಯೋರು ಯಾರು?"

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಪಾದ್ರಿಗಳೂ ನಕ್ಕು, ಅವಳ ಭುಜ ತಟ್ಟಿ, ಊಟಕ್ಕೆ ಹೊತ್ತಾಯಿತೆಂದು ಹೊರಟುಹೋದರು. ಅವಳು ನಗಲಿಲ್ಲ. ದಾರಿಯಲ್ಲಿ ನನ್ನ ಕೈ ಹಿಡಿದುಕೊಂಡಳು.

"ಅಲ್ಲಿ ಕೊಳಕೇ ಇರಲ್ಲ ಅಂತ ಒಂದು ಮಾತು ಹೇಳ್ಬಹುದಿತ್ತು. ಕೆಲಸದ ಮನೆ ಅಮ್ಮೋರೆಲ್ಲ ಅಲ್ಲೂ ಇರ್ತಾರೆ, ನಾನೂ ಇರ್ತೀನಿ. ನನ್ನ ಕಂಡ ಕೂಡ್ಲೆ ಪೊರಕೆ ಕೊಟ್ರೆ ಏನೇ ಮಾಡ್ಲಿ?"

ನಗಲು ಬಾಯಿ ತೆರೆದಿದ್ದವಳು ಮುಚ್ಚಿಕೊಂಡೆ. ಸಾಯುವುದಕ್ಕೆ ಅವಳು ಹೆದರಿದವಳೇ ಅಲ್ಲ. ಸತ್ತ ಮೇಲೂ ಕೆಲಸದವಳಾಗಿಯೇ ಉಳಿದುಬಿಟ್ಟರೆ ಎಂಬುದೊಂದೇ ಅವಳ ಹೆದರಿಕೆ.

ಹೋದ ವರ್ಷ ಅವಳ ಶ್ವಾಸಕೋಶ ಕೈಕೊಟ್ಟಿತು. ಇಷ್ಟು ವರ್ಷ ಕುಡಿದ ಆಸಿಡ್ ಹೊಗೆ, ಅಂದರು ಡಾಕ್ಟರು. ಇನ್ನು ಮನೆಗೆ ಕರೆದುಕೊಂಡು ಹೋಗಿ ಅಂದರು. ಹಾಗೆಂದರೆ ಏನೆಂದು ನಮಗೂ ತಿಳಿಯಿತು, ಅವಳಿಗೂ ತಿಳಿಯಿತು.

ಮೂರನೆಯ ದಿನ ಬೆಳಿಗ್ಗೆ ಯಜಮಾನಿ ಬಂದಳು. ಮೂಗಿಗೆ ಕರ್ಚೀಫು ಒತ್ತಿಕೊಂಡು, ಅರೆತೆರೆದ ಬಾಗಿಲಲ್ಲಿ ಓರೆಯಾಗಿ ತೂರಿ, ಮಂಚಕ್ಕೆ ಬಟ್ಟೆ ತಾಗದ ಹಾಗೆ ನಿಂತಳು. ಆಸಿಡ್ ಬಾಟಲಿಗಳನ್ನು ತಂದು ಇಟ್ಟವಳು ಇವಳೇ. ಈಗ ಕಫದ ವಾಸನೆ ತಡೆಯಲಾಗದು! ಕಣ್ಣಲ್ಲಿ ನೀರು ಬೇರೆ. ಆ ನೀರು ನಿಜದ್ದಾಗಿತ್ತು, ಅದಕ್ಕೇ ನನಗೆ ಇನ್ನಷ್ಟು ಹೇಸಿಗೆ.

"ನೀನು ಪುಣ್ಯವಂತೆ ಕಣೆ, ಮೊದಲೇ ಹೋಗ್ತಿದ್ದೀಯ" ಎಂದು ಮೂಗೊರೆಸಿಕೊಂಡಳು. "ಅಲ್ಲಿ ನಮಗೂ ಮನೆ ಇದೆಯಲ್ಲ. ನಾವು ಬರೋ ಹೊತ್ತಿಗೆ ಎಲ್ಲ ಚೊಕ್ಕ ಮಾಡಿಟ್ಟಿರು. ನಿನ್ನ ಹಾಗೆ ಇನ್ಯಾರಿಗೂ ಬರಲ್ಲ."

ಒಳ್ಳೆಯ ಮಾತಾಡಿದೆನೆಂಬ ತೃಪ್ತಿ ಆ ಮುಖದ ಮೇಲೆ! ಕತ್ತು ಹಿಡಿದು ಆಚೆ ನೂಕಲು ಎದ್ದೆ. ದೊಡ್ಡಮ್ಮ ಕೈಯೆತ್ತಿ ತಡೆದಳು, ದಿಂಬಿಗೆ ಒರಗಿಸು ಎಂದು ಸನ್ನೆ ಮಾಡಿದಳು. ಒರಗಿಸಿದೆ. ಉಸಿರು ಕೂಡಿಸಿಕೊಳ್ಳಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

"ಅಮ್ಮೋರೆ, ಇವತ್ತಿಂದ ನಾನು ನಿಮ್ಮ ಕೆಲಸ ಬಿಟ್ಟೆ. ಬೇರೆ ಯಾರನ್ನಾದ್ರೂ ನೋಡ್ಕೊಳಿ."

ಮನೆಗೆಲಸದವರಲ್ಲಿ ಹಾಗೆಯೇ. ಬಿಡುವುದಾದರೆ ಯಜಮಾನಿಯ ಎದುರಿಗೆ ಬಾಯಿಬಿಟ್ಟು ಹೇಳಬೇಕು. ಹೇಳದೆ ನಿಂತುಬಿಟ್ಟರೆ ಅದು ಬರೀ ರಜೆ, ಯಾವಾಗ ಕರೆದರೂ ಹೋಗಬೇಕು.

ಯಜಮಾನಿ ಕರ್ಚೀಫು ಕೆಳಗಿಳಿಸಿದಳು. "ಇದೇನೆ ಹುಚ್ಚಿ, ಇಂಥ ಹೊತ್ತಲ್ಲಿ ಕೆಲಸದ ಮಾತು? ಇನ್ನು ನಿನ್ನ ಯಾರು ಕರೀತಾರೆ?"

"ಇಲ್ಲಿದಲ್ಲ ಅಮ್ಮೋರೆ, ಅಲ್ಲಿದು" ಅಂದಳು ದೊಡ್ಡಮ್ಮ. "ಅಲ್ಲಿ ನಾನು ಕೂತ್ಕೋಬೇಕು."