ಶಿಫಾನಾ ಸರಿಯಾಗಿಯೇ ನೋಡಿದ್ದಳು

ಅಂದು ವೇದಿಕೆಯ ಮೇಲೆ ಗೋಡೆಗೆ ಬಡಿಯದೆ ತಿರುಗಿದ ಆ ಪುಟ್ಟ ಕಾರು ತಾನಾಗಿ ತಿರುಗಿದ್ದಲ್ಲ. ಮೊದಲ ಸಾಲಿನಲ್ಲಿ ಕೂತು, ಸೆರಗಿನ ಮರೆಯಲ್ಲಿ ಮೊಬೈಲು ಒತ್ತಿ ತಿರುಗಿಸಿದ್ದು ನಾನು. ಅಷ್ಟೇ ಆಗಿದ್ದರೆ — ಅಷ್ಟೇ ಆಗಿದ್ದರೂ ತಪ್ಪೇ. ಆದರೆ ಅದಕ್ಕಿಂತ ಕೆಟ್ಟದ್ದನ್ನು ಮಾಡಿದೆ. ಕಣ್ಣಾರೆ ಕಂಡದ್ದನ್ನು ಬಂದು ಹೇಳಿದ ಹನ್ನೊಂದು ವರ್ಷದ ಹುಡುಗಿಗೆ, ನೀನು ನೋಡಿದ್ದೇ ಸರಿಯಿಲ್ಲ ಎಂದೆ.

ಊರಿನಲ್ಲಿ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದವಳು ನಾನು. ಗಂಡನ ವೀಸಾದಲ್ಲಿ ದೋಹಾಕ್ಕೆ ಬಂದ ಮೇಲೆ ಕೆಲಸ ಸಿಗಲಿಲ್ಲ. ಬಿನ್ ಮಹಮೂದ್ ಬಡಾವಣೆಯ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ ಶುಕ್ರವಾರ ಸಂಜೆ ನಮ್ಮ ಕಡೆಯ ಮಕ್ಕಳನ್ನು ಕೂಡಿಸಿ ಏನಾದರೂ ಮಾಡಿಸತೊಡಗಿದೆ. ಮಕ್ಕಳು ಬೆಸುಗೆ ಹಾಕಿದರು, ಬೆರಳು ಸುಟ್ಟುಕೊಂಡರು, ಹಳೆಯ ಆಟಿಕೆಗಳ ಹೊಟ್ಟೆ ಬಿಚ್ಚಿ ಮೋಟಾರು ತೆಗೆದರು. ನಾನು ಹೇಳಿದೆ ಎಂದು ನಂಬಬೇಡಿ, ನೀವೇ ಮುಟ್ಟಿ ನೋಡಿ — ಇದನ್ನು ವಾರವಾರವೂ ಹೇಳುತ್ತಿದ್ದೆ. ಎಂಥ ಬಾಯಿ ನನ್ನದು.

ಆ ಮಾತನ್ನು ಪೂರ್ತಿ ನಂಬಿದವಳು ಶಿಫಾನಾ. ಉಳ್ಳಾಲದ ಕಡೆಯ ಬ್ಯಾರಿ ಕುಟುಂಬ. ತಂದೆಗೆ ಉಮ್ಮ್ ಸಲಾಲ್‌ನಲ್ಲಿ ಅಂಗಡಿ. ವ್ಯಾಪಾರದ ಹೊತ್ತಿನಲ್ಲೂ ಬಿಡುವು ಮಾಡಿಕೊಂಡು ಮಗಳನ್ನು ಕರೆತರುತ್ತಿದ್ದರು. ಅವಳ ಕನ್ನಡ ಅರೆಬರೆ, ಪ್ರಶ್ನೆ ಮಾತ್ರ ಒಂದೂ ಅರೆಬರೆ ಇರುತ್ತಿರಲಿಲ್ಲ. ಎದುರಿಗೆ ಗೋಡೆ ಬಂದರೆ ತಾನೇ ತಿಳಿದು ತಿರುಗುವ ಕಾರನ್ನು ಮಕ್ಕಳು ರಟ್ಟಿನಲ್ಲಿ ಮಾಡಿದ್ದರು. ಗೋಡೆಯನ್ನು ಗುರುತಿಸುವ ಸೆನ್ಸರ್ ಜೋಡಿಸಿದ್ದು ಶಿಫಾನಾ. ಕೆಲವು ಸಲ ತಿರುಗುತ್ತಿತ್ತು, ಕೆಲವು ಸಲ ನೆಟ್ಟಗೆ ಹೋಗಿ ಗುದ್ದುತ್ತಿತ್ತು. ಗುದ್ದಿದಾಗಲೇ ಅವಳಿಗೆ ಹೆಚ್ಚು ಖುಷಿ. ಯಾಕೆ ಎಂದು ಹುಡುಕಬಹುದಲ್ಲ.

ಇಲ್ಲಿನ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಅದನ್ನು ತೋರಿಸಬೇಕೆಂದಾಯಿತು. ಕಾರ್ಯದರ್ಶಿಗಳು ಫೋನ್ ಮಾಡಿ, ಗೆಸ್ಟ್ ಎದುರು ಫೇಲ್ ಆಗುವುದು ಬೇಡ ಮೇಡಂ, ಏನಾದರೂ ಅಡ್ಜಸ್ಟ್ ಮಾಡಿ ಎಂದರು. ನನಗೆ ಮೈಯೆಲ್ಲ ಉರಿಯಿತು. ತಿಂಗಳುಗಟ್ಟಲೆ ಮಕ್ಕಳು ಕಲಿತದ್ದು ಇವರಿಗೆ ಬೇಡ, ಒಂದು ಫೋಟೋ ಬೇಕು! ಹಾಗೆ ಉರಿದುಕೊಂಡೇ — ಹೌದು, ಉರಿದುಕೊಂಡೇ — ಕಾರು ನನ್ನ ಮೊಬೈಲಿನಿಂದಲೂ ಓಡುವಂತೆ ಪ್ರೋಗ್ರಾಂ ಬದಲಿಸಿದೆ. ಮಕ್ಕಳಿಗೆ ಹೇಳಲಿಲ್ಲ. ಯಾರೂ ನನ್ನ ಕೈ ಹಿಡಿದು ಮಾಡಿಸಿದ್ದಲ್ಲ.

ಕಾರು ತಿರುಗಿತು, ಸಭೆ ಚಪ್ಪಾಳೆ ತಟ್ಟಿತು. ಮಕ್ಕಳು ಕುಣಿದರು. ನನಗೆ ಶಾಲು ಹೊದಿಸಿದರು. ವೇದಿಕೆಯ ಹಿಂದೆ ಸಾಮಾನು ಕಟ್ಟುತ್ತಿದ್ದಾಗ ಶಿಫಾನಾ ಕಾರನ್ನು ಮಗುಚಿ ಹಿಡಿದುಕೊಂಡು ಬಂದಳು.

"ಆಂಟಿ, ಸೆನ್ಸರ್ ವಯರ್ ಬಿಟ್ಟಿದೆ. ಮತ್ತೆ ಅದು ಹೇಗೆ ತಿರುಗಿದ್ದು?"

ಎತ್ತುವಾಗ ಬಿಟ್ಟಿರಬೇಕು ಎಂದೆ.

"ಅಲ್ಲ, ಸ್ಟೇಜಲ್ಲಿ ಇಡುವಾಗಲೇ ಬಿಟ್ಟಿತ್ತು. ನಾನು ನೋಡಿದ್ದೇನೆ. ಹೇಳ್ಲಿಕ್ಕೆ ಟೈಮ್ ಸಿಗ್ಲಿಲ್ಲ."

ಅಷ್ಟು ತಿಂಗಳು ನಾನು ಕಲಿಸಲು ಹೆಣಗಿದ್ದು ಇದೇ ಪ್ರಶ್ನೆಯನ್ನು. ಅದು ಎದುರಿಗೆ ಬಂದು ನಿಂತಾಗ ನನ್ನ ಬಾಯಿಂದ ಬಂದದ್ದು — "ನೀನು ಸರಿಯಾಗಿ ನೋಡಿಲ್ಲ ಮಾರಾಯ್ತಿ. ಎಲ್ಲದಕ್ಕೂ ಪ್ರಶ್ನೆ ಕೇಳ್ಬೇಡ."

ಅವಳು ಕಾರನ್ನು ನಿಧಾನವಾಗಿ ಪೆಟ್ಟಿಗೆಯೊಳಗೆ ಇಟ್ಟಳು.

ಸ್ವಲ್ಪ ದಿನಗಳಲ್ಲೇ ಅವಳು ಬರುವುದು ನಿಂತಿತು. ಶಾಲೆಯ ಓದು ಜಾಸ್ತಿ ಎಂದರು ಅವಳ ತಂದೆ. ನಾನು ಮತ್ತೆ ಕೇಳಲಿಲ್ಲ. ಆ ಕಾರ್ಯಕ್ರಮ ನೋಡಿ ಹೊಸ ಮಕ್ಕಳು ಸಾಲುಗಟ್ಟಿ ಬಂದರು; ಬಂದವರೆಲ್ಲ ಮೊದಲು ಕೇಳುತ್ತಿದ್ದುದು, ನಮ್ಮ ಸ್ಟೇಜ್ ಯಾವಾಗ ಎಂದು. ಸರ್ಕ್ಯೂಟ್ ಕೆಟ್ಟರೆ ಸುಮ್ಮನೆ ನನ್ನ ಕೈಗೆ ಕೊಡುತ್ತಿದ್ದರು. ಈಗಿನ ಮಕ್ಕಳಿಗೆ ಕುತೂಹಲವೇ ಇಲ್ಲ ಎಂದು ಎಲ್ಲರೆದುರು ಗೊಣಗಿದ್ದೇನೆ. ನಾಚಿಕೆಯಿಲ್ಲದೆ.

ಹೀಗೆ ಆರು ವರ್ಷ ಕಳೆದು, ಈ ವರ್ಷ ತರಗತಿ ದೊಡ್ಡದಾಯಿತು. ಸಹಾಯಕ್ಕೆ ದೊಡ್ಡ ಮಕ್ಕಳು ಬೇಕು ಎಂದು ಹುಡುಕುವಾಗ ಶಿಫಾನಾಳ ಹೆಸರೇ ಮೊದಲು ನೆನಪಿಗೆ ಬಂತು. ಅಲ್ ಅಜೀಜಿಯಾದಲ್ಲಿದ್ದ ಅವರ ಮನೆಗೆ ಹೋದೆ. ಅವಳೀಗ ಹನ್ನೆರಡನೇ ತರಗತಿ, ಕಾಮರ್ಸ್. ಚಹಾ ತಂದಿಟ್ಟಳು. ಬರುತ್ತೀಯಾ ಎಂದು ಕೇಳಿದ್ದಕ್ಕೆ, ತನಗೆ ಅದರಲ್ಲೆಲ್ಲ ಇಂಟರೆಸ್ಟ್ ಇಲ್ಲ ಎಂದಳು. ಅವಳ ತಂದೆಯೂ ಎದುರಿಗಿದ್ದರು. ಇನ್ನು ಹೇಳದಿದ್ದರೆ ಎಂದೂ ಹೇಳಲಾರೆ ಅನ್ನಿಸಿತು. ಮೊಬೈಲು, ಸೆರಗು, ನಾನಾಡಿದ ಸುಳ್ಳು — ಎಲ್ಲವನ್ನೂ ಹೇಳಿದೆ. ನೀನು ನೋಡಿದ್ದೇ ಸರಿ ಎಂದೆ.

ತಂದೆ ಮಗಳ ಮುಖ ನೋಡಿದರು. ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

"ನಂಗೆ ಅವತ್ತೇ ಗೊತ್ತಿತ್ತು ಆಂಟಿ," ಎಂದಳು. "ನೀವು ಹೇಳ್ತೀರಿ ಅಂತ ನೆಕ್ಸ್ಟ್ ಫ್ರೈಡೇ ಬಂದೆ. ಅದರ ನೆಕ್ಸ್ಟ್ ಕೂಡ ಬಂದೆ."

ಆ ಎರಡು ಶುಕ್ರವಾರಗಳೂ ನನಗೆ ನೆನಪಿವೆ. ಎಲ್ಲರೂ ಹೋದ ಮೇಲೂ ಅವಳು ಚಾಪೆಯ ಮೇಲೆ ಕೂತೇ ಇದ್ದಳು, ನನ್ನನ್ನೇ ನೋಡುತ್ತ. ಕೆಳಗೆ ನಿನ್ನ ಅಪ್ಪ ಕಾಯುತ್ತಿದ್ದಾರೆ, ಹೋಗು ಎಂದು ನಾನೇ ಎದ್ದು ಬಾಗಿಲು ತೆರೆದಿದ್ದೆ.